ಮೊಟ್ಟೆಗಳಿಗೆ ಸ್ನಾನ ಮಾಡಿಸಿದ ಮಳಿಗೆಗೆ

ನಮ್ಮ ಬೀದಿಯ ತಿರುವಿನಲ್ಲಿರುವ ದೊಡ್ಡ ಮಳಿಗೆಯ ವ್ಯವಸ್ಥಾಪಕರಿಗೆ, ಎದುರುಗಡೆಯ ಮೊದಲ ಮಹಡಿಯಲ್ಲಿ ವಾಸಿಸುತ್ತ, ತಮ್ಮ ಫಲಕದ ಬೆಳಕಿನಲ್ಲಿ ಪುಕ್ಕಟೆಯಾಗಿ ಪುಸ್ತಕ ಓದುತ್ತಿರುವ ಋಣದಿಂದ ಬಾಗಿದ ಗ್ರಾಹಕನ ನಮಸ್ಕಾರಗಳು.

ಮಾನ್ಯರೇ,

ಕಳೆದ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತಮ್ಮ ನೈರ್ಮಲ್ಯಾಧಿಕಾರಿಗಳು, ತಮ್ಮ ಮೆಟ್ಟಿಲ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಮೊಟ್ಟೆಯಮ್ಮನ ನಲವತ್ತೆಂಟು ಮೊಟ್ಟೆಗಳನ್ನು ಒಳಗೆ ಕೊಂಡೊಯ್ದು, ನಿಂಬೆ ಪರಿಮಳದ ಪಾತ್ರೆ ಸೋಪಿನಲ್ಲಿ ಉಜ್ಜಿ, ತಣ್ಣೀರಿನಲ್ಲಿ ಜಾಲಿಸಿ, ಒದ್ದೆಯಾಗಿಯೇ ಬುಟ್ಟಿಗೆ ಜೋಡಿಸಿಕೊಟ್ಟರು. ನನ್ನ ದೂರು ಇಷ್ಟೇ. ಇದು ದೂರು ಹೇಗಾಗುತ್ತದೆ, ಉಪಕಾರವಲ್ಲವೇ ಎಂದು ತಮಗೆ ಅನ್ನಿಸುವುದು ಸಹಜ, ಏಕೆಂದರೆ ಅಧಿಕಾರಿಗಳಿಗೂ ಹಾಗೆಯೇ ಅನ್ನಿಸಿತ್ತು.

ಮೊಟ್ಟೆಯಮ್ಮ ತಡೆಯಲಿಲ್ಲವೆಂದಲ್ಲ. "ಬೇಡಪ್ಪಾ, ತೊಳೆದ್ರೆ ಅದು ಉಳಿಯಲ್ಲ" ಎಂದು ಬುಟ್ಟಿಯ ಹಿಡಿಯನ್ನು ಬಿಡದೆ ಹೇಳಿದರು. "ಅಜ್ಜಿ, ನಮ್ಮ ಬಾಗಿಲಲ್ಲಿ ಗಲೀಜು ಮಾರಬಾರ್ದು. ಪುಕ್ಕಟೆ ತೊಳೆದು ಕೊಡ್ತಿದೀವಿ, ಸುಮ್ನಿರಿ" ಎಂದರು ಅಧಿಕಾರಿಗಳು. "ಆಯ್ತಪ್ಪ, ನೀನು ಓದಿದೋನು. ನಾನು ಬರೀ ಕೋಳಿ ಸಾಕಿದೋಳು" ಎಂದು ಆಕೆ ಕೈ ಬಿಟ್ಟರು. ಆ ಹೊತ್ತಿನ ಏಕೈಕ ಗ್ರಾಹಕನಾಗಿ ನಾನೂ ನಿಂತಿದ್ದೆ. ತೊಳೆದು ತಂದ ಮೊಟ್ಟೆಗಳ ಹೊಳಪು ನೋಡಿ ತಲೆದೂಗಿ ಆರನ್ನು ಕೊಂಡೆ ಎಂಬುದನ್ನು ನಾಚಿಕೆಯಿಂದ ದಾಖಲಿಸುತ್ತೇನೆ.

ಕೋಳಿ ಎಂಬ ಪ್ರಾಣಿ ತಮ್ಮ ಸಂಸ್ಥೆಯಲ್ಲಿ ತರಬೇತಿ ಪಡೆದಿಲ್ಲವಾದ್ದರಿಂದ, ಮೊಟ್ಟೆ ಇಡುವಾಗಲೇ ಅದರ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯೊಂದನ್ನು ಹೊದಿಸಿಬಿಡುತ್ತದೆ. ಚಿಪ್ಪಿನ ಸಣ್ಣ ರಂಧ್ರಗಳನ್ನು ಮುಚ್ಚುವ ಈ ಪೊರೆ ಇರುವ ತನಕ ಮೊಟ್ಟೆ ಅಡುಗೆಮನೆಯ ತಂಪು ಮೂಲೆಯಲ್ಲಿ ಎರಡು ವಾರ ನೆಮ್ಮದಿಯಾಗಿ ಕೂರುತ್ತದೆ. ತೊಳೆದರೆ ಪೊರೆ ಹೋಗುತ್ತದೆ, ಆಮೇಲೆ ಅದನ್ನು ಕೂಡಲೇ ಫ್ರಿಜ್ಜಿನಲ್ಲಿಡಬೇಕು, ಇಟ್ಟ ಮೇಲೆ ಹೊರಗೆ ತೆಗೆದು ಬೆವರಿಸಬಾರದು. ಮೊಟ್ಟೆಯಮ್ಮ ಈ ವಿಷಯದಲ್ಲಿ ಯಾವ ಪುಸ್ತಕವನ್ನೂ ಓದಿದವರಲ್ಲ. ಚೂಪು ತುದಿ ಕೆಳಗಾಗಿ ತೌಡಿನಲ್ಲಿ ಜೋಡಿಸುತ್ತಾರೆ, ಕೊಳೆ ಅಂಟಿದ್ದರೆ ಒಣಬಟ್ಟೆಯಲ್ಲಿ ಒರೆಸುತ್ತಾರೆ, ಮತ್ತು ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲ್‌ನಿಂದ ಅದನ್ನಿಟ್ಟ ವಾರದ ಮೊದಲಕ್ಷರ ಬರೆಯುತ್ತಾರೆ. "ಶು" ಎಂದರೆ ಶುಕ್ರವಾರದ್ದು, ಮೊದಲು ತಿನ್ನಿ, "ಭಾ" ಎಂದರೆ ಭಾನುವಾರದ್ದು, ಇನ್ನೂ ಕಾಯಬಹುದು ಎಂದು ಅರ್ಥ ಮಾಡಿಕೊಳ್ಳಲು ನಮ್ಮ ಬೀದಿಯ ಮಕ್ಕಳಿಗೂ ಬರುತ್ತಿತ್ತು. ಅಧಿಕಾರಿಗಳು ಕೊಳೆಯ ಜೊತೆಗೆ ಪೊರೆಯನ್ನೂ, ಪೊರೆಯ ಜೊತೆಗೆ ಇಡೀ ಒಂದು ವಾರವನ್ನೂ ತೊಳೆದುಬಿಟ್ಟರು.

ಆದದ್ದನ್ನು ಕೇಳಿ. ಹತ್ತೊಂಬತ್ತು ವರ್ಷಗಳ ಅಭ್ಯಾಸದಂತೆ ಎಲ್ಲರೂ ಆ ಮೊಟ್ಟೆಗಳನ್ನು ಹೊರಗೇ ಇಟ್ಟುಕೊಂಡರು, ಅದೂ ಬಿರುಬಿಸಿಲಿನ ದಿನಗಳಲ್ಲಿ. ಎಂಟನೆಯ ದಿನ ನಮ್ಮ ಬೀದಿಯ ದರ್ಜಿಯ ಹೆಂಡತಿ ತನ್ನ ತಾಯಿಯ ಹುಟ್ಟುಹಬ್ಬದ ಕೇಕಿಗೆಂದು ಒಡೆದ ಮೂರನೆಯ ಮೊಟ್ಟೆ ಬಟ್ಟಲಿಗೆ ಬೀಳುವ ಮೊದಲೇ ಮನೆಯವರೆಲ್ಲ ಬಾಲ್ಕನಿಗೆ ಬಂದಿದ್ದರು, ಎಪ್ಪತ್ತೆಂಟರ ಆ ತಾಯಿಯೂ ಕೋಲಿಲ್ಲದೆ. ಸಂಜೆಯೊಳಗೆ ಬೀದಿಯ ತುಂಬ ಒಂದೇ ಮಾತು: "ಮೊಟ್ಟೆಯಮ್ಮಂಗೂ ವ್ಯಾಪಾರ ಅರ್ಥ ಆಯ್ತು ನೋಡಿ, ಹಳೇದು ತೊಳೆದು ಮಾರ್ತಾಳೆ." ಮರುದಿನವೇ ತಮ್ಮ ಬಾಗಿಲಲ್ಲಿ ಹೊಸ ಫಲಕ: "ನಂಬಿಕೆಗೆ ಅರ್ಹವಾದ ತಾಜಾ ತೋಟದ ಮೊಟ್ಟೆಗಳು ಒಳಗೆ ಮಾತ್ರ." ಇಂಥ ಸಮಯಪ್ರಜ್ಞೆ ಗಡಿಯಾರಕ್ಕೂ ಇಲ್ಲ.

ಆ ತಾಜಾತನವನ್ನು ನಾನು ಶ್ರದ್ಧೆಯಿಂದ ಪರೀಕ್ಷಿಸಿದೆ. ಮೊಟ್ಟೆ ಹಳತಾದಷ್ಟೂ ನೀರಿನಲ್ಲಿ ಮೇಲೇಳುತ್ತದೆ. ತಮ್ಮ ಒಂದು ಡಜನ್ ಮೊಟ್ಟೆಗಳನ್ನು ನೀರಿನ ಬಕೆಟ್ಟಿನಲ್ಲಿ ಬಿಟ್ಟಾಗ ಏಳು ಎದ್ದು ನಿಂತು ಗೌರವ ಸೂಚಿಸಿದವು, ಎರಡು ತೇಲಿ ಮೇಲೆ ಬಂದು ನನ್ನನ್ನೇ ನೋಡಿದವು. ಮೊಟ್ಟೆಯಮ್ಮನ ಮೊಟ್ಟೆಗಳು ಶಿಷ್ಟಾಚಾರ ಅರಿಯದೆ ತಳದಲ್ಲಿ ಅಡ್ಡಡ್ಡ ಮಲಗಿದ್ದವು. ಬಾಣಲೆಗೆ ಒಡೆದರೆ ಅವರ ಮೊಟ್ಟೆಯ ಹಳದಿ ಗುಂಡಗೆ ತಲೆಯೆತ್ತಿ ಕೂರುತ್ತದೆ, ಬಿಳಿಯೂ ಅದನ್ನು ಬಿಟ್ಟು ದೂರ ಹೋಗುವುದಿಲ್ಲ. ತಮ್ಮದು ಬಾಣಲೆಯ ಅಂಚಿನವರೆಗೂ ಹರಿದು ವಿಶಾಲ ಹೃದಯ ತೋರಿಸುತ್ತದೆ. ಆದರೂ ನ್ಯಾಯವಾಗಿ ಹೇಳಬೇಕು, ಬೇಯಿಸಿ ಸುಲಿಯುವುದರಲ್ಲಿ ತಮ್ಮ ಮೊಟ್ಟೆಗೆ ಸಾಟಿಯಿಲ್ಲ. ಹೊಸ ಮೊಟ್ಟೆ ಚಿಪ್ಪನ್ನು ಬಿಡಲೊಲ್ಲದೆ ಅರ್ಧ ಬಿಳಿಯನ್ನು ಎಳೆದುಕೊಂಡು ಹೋಗುತ್ತದೆ, ತಮ್ಮದು ಲೋಕದ ಮೇಲಿನ ಮೋಹವನ್ನೆಲ್ಲ ಕಳೆದುಕೊಂಡದ್ದರಿಂದ ಚಿಪ್ಪನ್ನು ಒಂದೇ ಎಳೆತಕ್ಕೆ ಕಳಚುತ್ತದೆ. ಇದಕ್ಕೆ ಬೇಕಾದ ವಯಸ್ಸು ಮೊಟ್ಟೆಯಮ್ಮನ ಬುಟ್ಟಿಯಲ್ಲಿ ಎಂದೂ ಸಿಗದು.

ಆಕೆ ತಮ್ಮ ಮೆಟ್ಟಿಲ ಪಕ್ಕ ಕೂರುತ್ತಾರೆ ಎಂದು ಅಧಿಕಾರಿಗಳು ಪದೇಪದೇ ಹೇಳುತ್ತಾರಂತೆ. ಅಲ್ಲಿ ಸೈಕಲ್ ರಿಪೇರಿ ಅಂಗಡಿ ಇದ್ದಾಗಲೂ, ಅದು ಮುಚ್ಚಿ ಗೋದಾಮು ಆದಾಗಲೂ ಆಕೆ ಅಲ್ಲೇ ಕೂತಿದ್ದರು. ನಾಲ್ಕು ವರ್ಷಗಳ ಹಿಂದೆ ಮೆಟ್ಟಿಲೇ ಆಕೆಯ ಪಕ್ಕಕ್ಕೆ ಬಂತು.

ಹೀಗಾಗಿ ನನ್ನ ಕೋರಿಕೆಗಳು ಸರಳವಾಗಿವೆ. ತೊಳೆದುಹಾಕಿದ ಪೊರೆಯನ್ನು ಅಧಿಕಾರಿಗಳು ಹುಡುಕಿ ಅಷ್ಟೂ ಮೊಟ್ಟೆಗಳಿಗೆ ಮರಳಿ ಅಂಟಿಸಿಕೊಡಲಿ. ಅದು ಕಷ್ಟವಾದರೆ, ಮೊಟ್ಟೆಯಮ್ಮನ ಹದಿನಾಲ್ಕು ಕೋಳಿಗಳನ್ನು ಒಂದೊಂದಾಗಿ ಕರೆಸಿ, ಯಾವ ಮೊಟ್ಟೆಯನ್ನು ಯಾವ ವಾರ ಇಟ್ಟಿತೆಂದು ಹೇಳಿಕೆ ಪಡೆದು ಸಹಿ ಹಾಕಿಸಲಿ. ಅದೂ ಆಗದಿದ್ದರೆ, ಮುಂದೆ ನೇರವಾಗಿ ರಟ್ಟಿನ ಡಬ್ಬಿಯೊಳಗೇ ಹನ್ನೆರಡರ ಲೆಕ್ಕದಲ್ಲಿ ಇಡಬೇಕೆಂದು ಅವಕ್ಕೆ ಸುತ್ತೋಲೆ ಕಳಿಸಲಿ.

ಈ ಮೂರನ್ನೂ ನಾನು ಬಿಟ್ಟುಕೊಡಬಲ್ಲೆ. ಬಿಡಲಾಗದ್ದು ಒಂದಿದೆ. ಈಗ ಆಕೆ ತುಂಬಿದ ಬುಟ್ಟಿಯನ್ನು ತುಂಬಿದಂತೆಯೇ ಮನೆಗೆ ಹೊತ್ತೊಯ್ಯುತ್ತಾರೆ. ಮೊನ್ನೆ ನಾನೊಬ್ಬನೇ ಕೊಳ್ಳಲು ಹೋದಾಗ ಹೇಳಿದರು: "ಈ ತಿಂಗಳು ನೋಡ್ತೀನಿ ಕಣಪ್ಪ. ಆಮೇಲೆ ಕೋಳಿಗಳನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ. ಕೆಟ್ಟ ಮೊಟ್ಟೆ ಕೊಟ್ಟೋಳು ಅನ್ನಿಸ್ಕೊಂಡು ಇಲ್ಲಿ ಕೂರೋಕಾಗಲ್ಲ." ನಡೆದದ್ದನ್ನು ನಾನು ಮನೆಮನೆಗೆ ಹೋಗಿ ಹೇಳಿದೆ, ಮೊಟ್ಟೆಯಮ್ಮನ ವಕೀಲ ಬಂದ ಎಂದು ನಕ್ಕು ಚಹಾ ಕೊಟ್ಟು ಕಳಿಸಿದರು. ತೊಳೆದವರೇ ಹೇಳಿದರೆ ಮಾತ್ರ ನಂಬುತ್ತಾರೆ. ಆದ್ದರಿಂದ ತಿಂಗಳು ಮುಗಿಯುವುದರೊಳಗೆ ತಮ್ಮ ಬಾಗಿಲಿನ ಫಲಕವನ್ನು ಇಳಿಸಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, "ಆ ಸೋಮವಾರ ಮೊಟ್ಟೆಗಳನ್ನು ತೊಳೆದು ಕೆಡಿಸಿದವರು ನಾವು, ಆಕೆಯಲ್ಲ" ಎಂದು ಬರೆಸಿ ತೂಗುಹಾಕಬೇಕು.

ಉತ್ತರಕ್ಕಾಗಿ ಕಿಟಕಿಯಲ್ಲೇ ಕಾದಿರುವ,
ತಮ್ಮ ವಿಶ್ವಾಸಿ,
ಎದುರು ಮಹಡಿಯ ನಿವೃತ್ತ ಗ್ರಂಥಪಾಲಕ

ಮರೆತ ಮಾತು: ನಿನ್ನೆ ತಮ್ಮಲ್ಲಿ ಕೊಂಡ ಡಬ್ಬಿಯ ಮೇಲೆ, ಮೊಟ್ಟೆಗಳನ್ನು ತುಂಬಿದ ದಿನಾಂಕವೆಂದು ನಾಳಿದ್ದಿನ ತಾರೀಖು ಅಚ್ಚಾಗಿದೆ. ಇನ್ನೂ ಇಡದ ಮೊಟ್ಟೆಯನ್ನು ತಿನ್ನುವುದು ಅವಸರವಾದೀತೆಂದು ಹಾಗೆಯೇ ಇಟ್ಟಿದ್ದೇನೆ. ಇದು ಹೇಗೆ ಸಾಧ್ಯವಾಯಿತೆಂದು ನನಗೆ ಗುಟ್ಟಾಗಿ ತಿಳಿಸುವುದು ಬೇಡ, ಬೀದಿಗೆಲ್ಲ ಕಾಣುವಂತೆ ಅದೇ ಫಲಕದ ಕೆಳಗೆ ಬರೆಯಿರಿ.