ಮೂರು ವರ್ಷ ಸ್ನಾನವಿಲ್ಲದ ಅಕ್ಕ

ನನಗಾಗ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಆ ಹೊತ್ತಿಗೆ ನನ್ನ ಓರಗಿತ್ತಿ ನ್ಯೂಜಿಲೆಂಡಿಗೆ ಬಂದು ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ಅವಳು ಒಂದೇ ಒಂದು ದಿನವೂ ಸ್ನಾನ ಮಾಡಿರಲಿಲ್ಲ!

ಮೂಗು ಮುಚ್ಚಿಕೊಳ್ಳಬೇಡಿ. ದಿನಾ ಬೆಳಗ್ಗೆ ಶವರಿನ ಕೆಳಗೆ ನಿಂತು, ಸೋಪು ಸವೆಯುವ ಹಾಗೆ ಉಜ್ಜಿಕೊಂಡು, ಒಗೆದ ಸೀರೆ ಉಟ್ಟು ಬರುತ್ತಿದ್ದಳು. ನನಗಿಂತ, ನಿಮಗಿಂತ ಶುದ್ಧ. ಆದರೆ ಅವಳ ಪ್ರಕಾರ ಅದು ಸ್ನಾನವಲ್ಲ.

"ಅದು ಮಳೇಲಿ ನೆನೆಯೋದು ಕಣೆ. ಎಮ್ಮೆನೂ ನೆನೀತದೆ. ಅದನ್ನ ಸ್ನಾನ ಅಂತೀಯಾ?"

ಸ್ನಾನ ಅಂದರೆ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಬೇಕು. ಅದು ಮೈಗೆ ಇಳಿಯುವವರೆಗೆ ಕೂರಬೇಕು. ಹಂಡೆಯ ನೀರು ಬಿದ್ದರೆ ಚರ್ಮ ಕೆಂಡದ ಮೇಲಿಟ್ಟ ಬದನೆಕಾಯಿಯಂತೆ ಆಗಬೇಕು. ಸೀಗೆಪುಡಿ ಕಣ್ಣಿಗೆ ಹೋಗಿ ದೇವರು ಕಾಣಬೇಕು. ಆಮೇಲೆ ಕಂಬಳಿ ಹೊದ್ದು ಬೆವರುತ್ತಾ ಮಲಗಬೇಕು, ಎದ್ದು ಮೆಣಸಿನ ಸಾರು ಉಣ್ಣಬೇಕು. ಇದರಲ್ಲಿ ಒಂದು ತಪ್ಪಿದರೂ ಅದು ಬರೀ ಮೈ ತೊಳೆದುಕೊಂಡದ್ದು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಭಾವ ತೀರಿಕೊಂಡ ಮೇಲೆ ಮಗ ಅವಳನ್ನು ಇಲ್ಲಿಯ ತಕಾನಿನಿ ಎಂಬ ಊರಿಗೆ ಕರೆಸಿಕೊಂಡ. ನಾನು ಅಲ್ಲಿಂದ ಎರಡು ಬೀದಿ ಆಚೆ ಮಗಳ ಮನೆಯಲ್ಲಿದ್ದೆ. ಇನ್ನು ಆ ಮಗನ ಕೆಲಸ ಏನು ಗೊತ್ತೇ? ಪ್ಲಂಬರ್! ಊರವರ ಮನೆಗೆಲ್ಲ ಬಿಸಿನೀರಿನ ಕೊಳಾಯಿ ಕೂರಿಸುವವನು. ಅವನ ಮನೆಗೆ ಯಾರಾದರೂ ಬಂದು "ಹೇಗಿದ್ದೀರಾ ಆಂಟಿ?" ಎಂದರೆ ಸಾಕು.

"ಏನು ಹೇಳ್ಲವ್ವ, ಸ್ನಾನ ಮಾಡಿ ಮೂರು ವರ್ಸ ಆಯ್ತು."

ಬಂದವರು ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದರು. ವೆಲ್ಲಿಂಗ್ಟನ್ನಿನಿಂದ ಬಂದಿದ್ದ ಒಬ್ಬಳು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಪಾಪ, ಮಗನ ಮುಖ ನೋಡಬೇಕಿತ್ತು!

ಅವನೇನು ಸುಮ್ಮನಿದ್ದನೇ? ಸಾಲಾಗಿ ಮೂರು ಭಾನುವಾರ ಕೂತು ಒಂದು ಬಿಳಿ ಸ್ನಾನದ ತೊಟ್ಟಿ ಕೂರಿಸಿದ. ಅಕ್ಕ ಸುತ್ತ ತಿರುಗಿ ನೋಡಿ, "ಹೆಣ ಮಲಗಿಸೋಕೆ ಚೆನ್ನಾಗೈತೆ. ನನಗಿನ್ನೂ ಟೈಮ್ ಐತೆ" ಅಂದಳು. ಮಾರನೇ ವಾರ ಹೋಗಿ ನೋಡಿದೆ. ತೊಟ್ಟಿಯ ತುಂಬಾ ಅವರೆಕಾಳು ನೆನೆಹಾಕಿದ್ದಳು, ಹಿದುಕುಬೇಳೆಗೆ! ಮನೆಯವರೆಲ್ಲ ಸಾಲಾಗಿ ಕೂತು ಹಿದುಕುತ್ತಿದ್ದರು. ಮಗನೂ.

ಇನ್ನೊಂದು ಸಲ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದವರು ಬಿಸಾಕಿದ್ದ ಮರದ ಚೂರುಗಳನ್ನು ಆರಿಸಿ ತಂದಳು. ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು, ಮೇಲೆ ದೊಡ್ಡ ಅನ್ನದ ಪಾತ್ರೆ ಕೂರಿಸಿ ಬೆಂಕಿ ಹಚ್ಚಿದಳು. ಇಲ್ಲಿ ಡಿಸೆಂಬರೆಂದರೆ ಬೇಸಿಗೆ. ಬಯಲಲ್ಲಿ ಕಡ್ಡಿ ಗೀರಬಾರದು ಅಂತ ಊರಿಗೆಲ್ಲ ಹೇಳಿದ್ದ ಕಾಲ. ಹೊಗೆ ಕಂಡದ್ದೇ ಯಾರೋ ಫೋನ್ ಮಾಡಿದರು. ಕೆಂಪು ಬಣ್ಣದ ಅಷ್ಟುದ್ದ ಗಾಡಿ ಬಂತು. ಟೋಪಿಯವರು ಇಬ್ಬರು ಪೈಪು ಹಿಡಿದು ಹಿತ್ತಲಿಗೆ ಓಡಿ ಬಂದರು. ಅಕ್ಕ ಹೆದರಿದಳೇ? ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು.

"ಸರ್‍ಯಾದ ಟೈಮಿಗೆ ಬಂದ್ರಿ. ಇನ್ನೂ ಅರ್ಧ ತುಂಬಬೇಕು, ಹುಯ್ಯಿರಪ್ಪ."

ಅವರು ಹುಯ್ದರು. ಆದರೆ ಪಾತ್ರೆಗಲ್ಲ, ಒಲೆಗೆ.

ಅವತ್ತು ಅಕ್ಕ ಮುನಿಸಿಕೊಂಡದ್ದು ಬರೀ ಮುನಿಸಲ್ಲ. ಮಗನನ್ನು ಕೂರಿಸಿ ಹೇಳಿಬಿಟ್ಟಳು. "ಯುಗಾದಿ ಎಣ್ಣೆನೀರು ನಮ್ಮೂರಲ್ಲೇ. ಟಿಕೀಟು ತೆಗಿ. ವಾಪಸ್ಸು ಬರೋದು ತೆಗೀಬ್ಯಾಡ."

"ಅವ್ವ, ಅಲ್ಲಿ ಯಾರಿದ್ದಾರೆ ನಿಂಗೆ?"

"ಹಂಡೆ ಐತಲ್ಲ!"

ಮಗ ಓಡಿ ಬಂದು ನನ್ನ ಮುಂದೆ ನಿಂತ. "ಚಿಕ್ಕವ್ವ, ನೀವಾದ್ರೂ ಹೇಳಿ." ನಾನು, ಹೋಗೋರು ಹೋಗಲಿ ಬಿಡಪ್ಪ ಅಂದೆ. ಅಂದೆ ಅಷ್ಟೆ. ಅವಳು ಹೋದರೆ ಮಧ್ಯಾಹ್ನಗಳನ್ನು ನಾನು ಯಾರ ಜೊತೆ ಕಳೆಯಬೇಕು? ನನ್ನನ್ನು "ಲೇ" ಅನ್ನುವ ಇನ್ನೊಂದು ಬಾಯಿ ಈ ದೇಶದಲ್ಲಿ ಎಲ್ಲಿದೆ?

ಜನವರಿಯಲ್ಲಿ ಮಗ ಕಡಲ ಊರೊಂದರಲ್ಲಿ ಬ್ಯಾಚ್ ಹಿಡಿದ. ಬ್ಯಾಚ್ ಅಂದರೆ ಇಲ್ಲಿಯವರು ರಜಕ್ಕೆ ಹೋಗಿ ಇರುವ ಪುಟ್ಟ ಮನೆ. ತಾಯಿಯ ಮನಸ್ಸು ತಿರುಗಿದರೂ ತಿರುಗೀತು ಎಂದು ಅವನ ಆಸೆ. ನಾನೂ ಹೋದೆ. ಅಂಥ ಊರಿಗೆ ಹೋದರೆ ಮಾಡುವುದು ಏನೇನಿದೆ ಅಂತೀರಿ! ದೋಣಿ ಹುಟ್ಟು ಹಾಕಬಹುದು, ಬಂಡೆ ಹತ್ತಬಹುದು, ಡೇರಿಯಲ್ಲಿ ಐಸ್ ಕ್ರೀಮ್ ತಿನ್ನಬಹುದು. ಡೇರಿ ಅಂದರೆ ಹಾಲಿನದಲ್ಲ, ಮೂಲೆಯ ಅಂಗಡಿ. ಅಕ್ಕನ ಮೊಮ್ಮಗಳು ಒಂದೊಂದನ್ನೇ ಹೇಳಿದಳು, ಅಕ್ಕ ಒಂದೊಂದನ್ನೇ ಹೊಡೆದು ಹಾಕಿದಳು. ದೋಣಿ? "ಬೆವರೋದಾದ್ರೆ ರಾಗಿ ಬೀಸ್ತೀನಿ." ಬಂಡೆ? "ಇಳಿಯೋದಕ್ಕೆ ಯಾಕೆ ಹತ್ಬೇಕು?" ಬಿಸಿಲಿಗೆ ಹಚ್ಚುವ ಕ್ರೀಮ್ ಹಿಡಿದು ಮಗು ಬಂದರೆ, "ಮೈಗೆ ಎಣ್ಣೆ ಹಚ್ಚು ಅಂದ್ರೆ ಸುಣ್ಣ ಬಳೀತೀಯಾ?"

ಮೀನು, ಆಲೂಗೆಡ್ಡೆ ಕರಿದದ್ದನ್ನು ಪೇಪರಿನಲ್ಲಿ ಕಟ್ಟಿಸಿಕೊಂಡು ಮರಳ ಮೇಲೆ ಕೂತಾಗ ಕಡಲಕಾಗೆಯೊಂದು ಅವಳ ಕೈಯಿಂದಲೇ ಒಂದು ತುಂಡು ಎಗರಿಸಿತು. ಅಕ್ಕ ಚಪ್ಪಲಿ ಹಿಡಿದು ಅದನ್ನು ಓಡಿಸಿಕೊಂಡು ಹೋದದ್ದೇ ಆ ದಿನ ನಾವು ನೋಡಿದ ಪ್ರೇಕ್ಷಣೀಯ ಸ್ಥಳ.

ಸಂಜೆ ಮೊಮ್ಮಗಳು ಕೊನೆಯ ಅಸ್ತ್ರ ಬಿಟ್ಟಳು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ಮಗ ಕನ್ನಡಕ್ಕೆ ತಿರುಗಿಸಿದ. "ಅವ್ವ, ನಾಳೆ ಬೆಳಿಗ್ಗೆ ಕಡಲು ಹಿಂದಕ್ಕೆ ಹೋದಾಗ ಇಲ್ಲೊಂದು ಜಾಗದಲ್ಲಿ ಮರಳು ತೋಡಿದ್ರೆ ಬಿಸಿನೀರು ಬರ್ತದಂತೆ."

ಅಕ್ಕ ತಟ್ಟೆ ಕೆಳಗಿಟ್ಟಳು. "ಒಲೆ ಯಾರು ಹಚ್ತಾರೆ?"

"ಯಾರೂ ಇಲ್ಲ. ಭೂಮಿ ಒಳಗೇ ಕಾಯ್ತದೆ."

ಬೆಳಗ್ಗೆ ನಾನು ಏಳುವ ಹೊತ್ತಿಗೆ ಅವಳು ಹಳೇ ನೈಟಿ ಹಾಕಿಕೊಂಡು, ಮೈಗೆಲ್ಲ ಹರಳೆಣ್ಣೆ ತಿಕ್ಕಿ, ದೋಸೆ ಹೆಂಚಿನಂತೆ ಹೊಳೆಯುತ್ತಿದ್ದಳು. ಕೈಯಲ್ಲಿ ಸೀಗೆಪುಡಿ, ಸ್ಟೀಲಿನ ಚೊಂಬು. ನನ್ನನ್ನೂ ಬಿಡಲಿಲ್ಲ, ನೆತ್ತಿಗೆ ಒಂದು ಬೊಗಸೆ ತಟ್ಟಿಯೇ ಹೊರಡಿಸಿದಳು. ಕಡಲ ದಂಡೆಯಲ್ಲಿ ಆಗಲೇ ಜಾತ್ರೆ. ಗಂಡಸರು, ಹೆಂಗಸರು ತುಂಡುಬಟ್ಟೆಯಲ್ಲಿ ಗುಂಡಿ ತೋಡುತ್ತಿದ್ದರು. ಮೈತುಂಬ ಬಟ್ಟೆ ಹಾಕಿದ್ದವರು ನಾವಿಬ್ಬರೇ. ಎಲ್ಲರೂ ನಾಚಿಕೆಯಿಲ್ಲದೆ ನಮ್ಮನ್ನೇ ನೋಡಿದರು!

ಮಗ ಸನಿಕೆ ಹಿಡಿದು ಬೆನ್ನು ಮುರಿಯುವ ಹಾಗೆ ತೋಡಿದ. ಬಂದದ್ದು ತಣ್ಣೀರು. ಇನ್ನೊಂದು ಕಡೆ ತೋಡಿದ. ಇನ್ನೂ ತಣ್ಣಗೆ. ಪ್ಲಂಬರಿನ ಮಾನ ಅಲ್ಲೇ ಮರಳು ಪಾಲಾಯಿತು. ಅಕ್ಕ ಚೊಂಬು ಕಂಕುಳಿಗೆ ಸಿಕ್ಕಿಸಿ ಸುತ್ತಲ ಗುಂಡಿಗಳ ಕಡೆ ಕಣ್ಣು ಹಾಯಿಸಿದಳು.

ಅಷ್ಟರಲ್ಲಿ ಪಕ್ಕದ ಗುಂಡಿಯಿಂದ ಒಬ್ಬ ದೈತ್ಯ, ತೋಳಿಗೆಲ್ಲ ಹಚ್ಚೆ ಹಾಕಿಸಿಕೊಂಡವನು, ಕಿರುಚಿಕೊಂಡು ಹಾರಿದ. ಹಿಂಭಾಗ ಟೊಮೆಟೊ! ಅವನ ಗುಂಡಿಯಿಂದ ಹಬೆ ಏಳುತ್ತಿತ್ತು. ಅಕ್ಕ ನೆಟ್ಟಗೆ ಹೋಗಿ ಒಂದು ಕಾಲು ಇಟ್ಟಳು.

"ಅಕ್ಕಾ, ಸುಡ್ತದೆ!"

"ಇದಾ? ಇದು ಸುಡೋದಾ?" ಅಂದಳು. ಆದರೆ ಆ ಕಾಲು ಬೇಗ ಮೇಲೆ ಬಂದದ್ದನ್ನು ನಾನು ನೋಡಿದೆ. ದೈತ್ಯನ ಕಡೆ ಚೊಂಬು ಚಾಚಿ ಕಡಲು ತೋರಿಸಿದಳು. "ಲೇ ಮಗ, ಎರಡು ಬಕೆಟ್ಟು ತಣ್ಣೀರು ತಂದು ಬೆರಸು."

ಮೊಮ್ಮಗಳು ಬಾಯಿ ತೆರೆಯುವ ಮೊದಲೇ ಆ ಪುಣ್ಯಾತ್ಮ ಬಕೆಟ್ ಹಿಡಿದು ಓಡಿದ. ತಂದ, ಬೆರೆಸಿದ, ಇನ್ನೂ ಬೇಕಾ ಎಂದು ಹುಬ್ಬು ಹಾರಿಸಿ ಕೇಳಿದ. ಅಕ್ಕ ಮೊಣಕೈ ಅದ್ದಿ ನೋಡಿ, ಸಾಕು ಎಂದು ಕೈಯೆತ್ತಿ, ಸಿಂಹಾಸನ ಏರಿದಂತೆ ಇಳಿದು ಕೂತಳು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಮಗ ಸನಿಕೆ ಬಿಸಾಕಿ ಮರಳ ಮೇಲೆ ಕುಕ್ಕರಿಸಿದ. ಗೆದ್ದಿದ್ದೆವು!

ಆಗ ಅವಳು ಚೊಂಬನ್ನು ನನ್ನ ಕಡೆ ಹಿಡಿದಳು. "ಹುಯ್ಯೆ."

"ನಿನ್ನ ಕೈ ಏನಾಗಿದೆ?"

"ತಾನೇ ಹುಯ್ಕೊಂಡ್ರೆ ಅದು ಸ್ನಾನವೇನೆ? ಇನ್ನೊಬ್ರು ಹುಯ್ಬೇಕು."

ಹುಯ್ದೆ. ಸೀಗೆ ಹಾಕಿ ಬೆನ್ನು ಉಜ್ಜಿದೆ. ಎಷ್ಟು ಸಣ್ಣ ಬೆನ್ನು! ಅವಳ ಬಾಯಿಗೂ ಆ ಬೆನ್ನಿಗೂ ಸಂಬಂಧವೇ ಇರಲಿಲ್ಲ.

"ಊರಲ್ಲಿ ನಿಂಗೆ ಯಾರು ಹುಯ್ತಿದ್ರು ಅಕ್ಕ?" ಸುಮ್ಮನೆ ಕೇಳಿದೆ.

ಅವಳು ಕಡಲ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ನಿಮ್ ಭಾವ. ಶನಿವಾರ ಶನಿವಾರ. ಬಚ್ಚಲ ಬಾಗ್ಲು ಹಾಕ್ಕೊಂಡು. ಯಾರ್ಗೂ ಹೇಳ್ಬ್ಯಾಡ."

ನಮ್ಮ ಭಾವ! ಆಳುಗಳು ಎದುರಿಗೆ ನಿಲ್ಲಲು ನಡುಗುತ್ತಿದ್ದ ಮನುಷ್ಯ. ಕುಡಿಯುವ ನೀರನ್ನೂ ಕೂತಲ್ಲಿಗೇ ತರಿಸಿಕೊಳ್ಳುತ್ತಿದ್ದವರು. ಹೇಳಬೇಡ ಅಂದಳು. ಬರೆಯಬೇಡ ಅನ್ನಲಿಲ್ಲ.

"ಹಂಗಾದ್ರೆ ಈಗ ಊರಿಗೆ ಹೋದ್ರೆ ಯಾರು ಹುಯ್ತಾರೆ?"

"ಕಣ್ಣಿಗೆ ಸೀಗೆ ಹೋಯ್ತು. ಸುಮ್ನೆ ಹುಯ್ಯಿ."

"ನನಗೆ ಮೊದಲೇ ಹೇಳೋಕೆ ಏನಾಗಿತ್ತು? ಎರಡು ಬೀದಿ ಆಚೆ ಇದ್ದೆನಲ್ಲ."

"ಕೇಳಿ ಹುಯ್ಸ್ಕೊಳ್ಳೋಕೆ ಅದೇನು ಕಾಫಿಯಾ?"

ಆಮೇಲೆ ಚೊಂಬು ಕಿತ್ತುಕೊಂಡು ನನ್ನನ್ನೂ ಕೂರಿಸಿ ಹುಯ್ದಳು. ಕೊನೆಯ ಚೊಂಬನ್ನು, ಮಕ್ಕಳಿಗೆ ಮಾಡುವ ಹಾಗೆ, ನನ್ನ ತಲೆಯ ಸುತ್ತ ನಿವಾಳಿಸಿ ಚೆಲ್ಲಿದಳು. ನಾನು ತಲೆ ಬಗ್ಗಿಸಿಕೊಂಡೇ ಇದ್ದೆ. ಕಡಲು ಮುಂದಕ್ಕೆ ಬಂದು ಗುಂಡಿಯನ್ನು ನುಂಗುವವರೆಗೆ ಇಬ್ಬರೂ ಏಳಲಿಲ್ಲ.

ಬ್ಯಾಚಿಗೆ ಬಂದು ಕಂಬಳಿ ಹೊದ್ದು ಬೆವರುತ್ತಾ ಮಲಗಿದಳು. ಮಗ ಹೆದರಿ ಹೆದರಿ ಬಾಗಿಲಲ್ಲಿ ನಿಂತ. "ಅವ್ವ, ಆ ಟಿಕೆಟ್ಟು..."

"ಸ್ನಾನ ಮಾಡಿ ಮಲಗಿರೋರ್ನ ಮಾತಾಡಿಸ್ಬಾರ್ದು" ಅಂತ ಕಂಬಳಿಯೊಳಗಿಂದ ದನಿ ಬಂತು.

ಮಾರನೆಯ ಬೆಳಗ್ಗೆ ನಾನು ಎಲ್ಲರಿಗಿಂತ ಮೊದಲೆದ್ದೆ. ಬ್ಯಾಚಿನ ಅಡುಗೆಮನೆಯಲ್ಲಿ ಏಡಿ ಬೇಯಿಸುವ ದೊಡ್ಡ ಪಾತ್ರೆ ಇತ್ತು. ಅದನ್ನು ತಿಕ್ಕಿ ತೊಳೆದು, ಕಂಠದವರೆಗೆ ನೀರು ತುಂಬಿ ಒಲೆಯ ಮೇಲಿಟ್ಟೆ. ಬಚ್ಚಲಿಗೆ ಒಂದು ಸ್ಟೂಲು ತಂದು ಹಾಕಿದೆ. ನೀರು ಸದ್ದು ಮಾಡತೊಡಗಿದಾಗ ಸೆರಗು ಸಿಕ್ಕಿಸಿಕೊಂಡು ಹೋಗಿ ಅವಳ ಕಂಬಳಿ ಎಳೆದೆ.