ಐದು-ಒಂಬತ್ತು ಎನ್ನುವ ಮುನ್ನ ತಂತಿ ಸಿಕ್ಕಿಸಿದೆಯೇ ಎಂದು ನೋಡಿಕೊಳ್ಳುವ ಕುರಿತು

ಸಂಖ್ಯೆ: ಹ.ರೇ.ಮಂ/ಛಾವಣಿ/ತರಬೇತಿ/ತಿದ್ದುಪಡಿ
ಸ್ಥಳ: ಸಲ್ತ್ ಪಟ್ಟಣ, ಮೇಲಿನ ಗುಡ್ಡ

ವಿಷಯ: ಹೊಸದಾಗಿ ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವರಿಗೆ ಕೈಯಾರೆ ಕೆಲಸ ಕಲಿಸುವ ಬಗ್ಗೆ.

ಉಲ್ಲೇಖ: (ಅ) ಇದೇ ವಿಷಯದ ಹಿಂದಿನ ಸುತ್ತೋಲೆ (ಗಾಳಿಗೆ ಹಾರಿಹೋಗಿದೆ). (ಆ) ಕುಮಾರಿ ರಹಫ್ ಅವರು ಗೋಡೆಯಾಚೆಯಿಂದ ಕೂಗಿ ಸಲ್ಲಿಸಿದ ದೂರು.

ಈ ಹವ್ಯಾಸಿ ರೇಡಿಯೋ ಮಂಡಳಿಯ ಮುಖ್ಯ ತರಬೇತುದಾರರು ಕಳೆದ ಚಳಿಗಾಲದಲ್ಲಿ ಮೈಕಿನ ಮುಂದೆ ಒಮ್ಮೆ ಕೆಮ್ಮಿದಾಗ, ಆ ಕೆಮ್ಮು ಭೂಮಿಯನ್ನು ಏಳು ಸುತ್ತು ಹಾಕಿ, ದಾರಿಯಲ್ಲಿ ಚಂದ್ರನನ್ನೂ ಮಾತಾಡಿಸಿ, ಹಿಂದಿರುಗಿ ಬಂದು ಸ್ವತಃ ತರಬೇತುದಾರರನ್ನೇ "ಔಷಧಿ ತಗೊಂಡ್ರಾ?" ಎಂದು ವಿಚಾರಿಸಿದ್ದು ಸರ್ವವಿದಿತ. ಇಂಥ ಅನುಭವದ ಲಾಭ ಹೊಸಬರಿಗೂ ದೊರೆಯಲೆಂದು ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

೧. ಪರವಾನಗಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಯಂತ್ರಕ್ಕೆ ಕಸೂತಿ ಬಟ್ಟೆ ಹೊದಿಸಿ, ಬಂದ ನೆಂಟರಿಗೆಲ್ಲ ತೋರಿಸುತ್ತ ಕೂರುವುದನ್ನು ಅಭ್ಯಾಸವೆಂದು ಪರಿಗಣಿಸಲಾಗುವುದಿಲ್ಲ. ಬಟ್ಟೆಯನ್ನು ತಾಯಂದಿರ ಅನುಮತಿ ಪಡೆದು ತೆಗೆಯತಕ್ಕದ್ದು.

೨. ಮಾತಾಡುವಾಗ ಗುಂಡಿ ಒತ್ತತಕ್ಕದ್ದು, ಕೇಳುವಾಗ ಬಿಡತಕ್ಕದ್ದು. ಒಬ್ಬ ಅಭ್ಯರ್ಥಿಯು ಬಿಡುವುದನ್ನು ಮರೆತ ಕಾರಣ, "ನಮ್ಮತ್ತೆ ಮಾಡಿದ ಮಕ್ಲೂಬೆ ಅನ್ನ ತಟ್ಟೆಗೆ ಬೋರಲು ಹಾಕಿದ್ರೆ ತಟ್ಟೆನೇ ಒಡೀತು ಕಣೋ, ಅಷ್ಟು ಗಟ್ಟಿ!" ಎಂಬ ಅವರ ಖಾಸಗಿ ಅಭಿಪ್ರಾಯ ಇಡೀ ಗುಡ್ಡಕ್ಕೆ ಪ್ರಸಾರವಾಯಿತು. ಸದರಿಯವರು ಸದ್ಯ ತಾಯಿಯ ಮನೆಯಲ್ಲಿ ಊಟ ಮಾಡುತ್ತಿದ್ದಾರೆ.

೩. "ಹೇಗಿದ್ದೀರಿ, ಅಪ್ಪ ಹೇಗಿದ್ದಾರೆ, ಅವರ ಮೊಣಕಾಲು ಹೇಗಿದೆ, ಆಡುಗಳು ಹೇಗಿವೆ, ಆ ಕುಂಟಾಡು?" ಎಂದು ಕುಶಲ ವಿಚಾರಿಸುವಷ್ಟರಲ್ಲಿ ಬ್ಯಾಟರಿ ತೀರಿ, ತಾವು ಯಾರೆಂದು ಹೇಳಲು ಯಾರಿಗೂ ಸಾಧ್ಯವಾಗುತ್ತಿಲ್ಲ. ಆದ್ದರಿಂದ ತಂದೆ ಕಡೆಯವರ ಕುಶಲವನ್ನು ಬೆಳಿಗ್ಗೆ, ತಾಯಿ ಕಡೆಯವರದನ್ನು ಸಂಜೆ ಕೇಳತಕ್ಕದ್ದು. ಆಡುಗಳಿಗೆ ಪ್ರತ್ಯೇಕ ಅರ್ಜಿ.

೪. ಏರಿಯಲ್ ತಂತಿಯ ಮೇಲೆ ಬಟ್ಟೆ ಒಣಹಾಕುವಂತಿಲ್ಲ. ಅನಿವಾರ್ಯವಾದಲ್ಲಿ, ಹೊರದೇಶದವರೊಡನೆ ಮಾತಾಡುವ ವೇಳೆ ಒಳ ಉಡುಪುಗಳನ್ನು ತೆರವುಗೊಳಿಸಿ, ಮೇಜುಬಟ್ಟೆಯಂಥ ಮರ್ಯಾದಸ್ಥ ವಸ್ತ್ರಗಳನ್ನು ಮಾತ್ರ ಉಳಿಸತಕ್ಕದ್ದು.

೫. ಎದುರಿನವರ ದನಿ ಹೇಗೆ ಕೇಳುತ್ತಿದೆಯೆಂದು ಅಂಕಿಯಲ್ಲಿ ಹೇಳುವುದು ರೇಡಿಯೋದ ಕಟ್ಟಳೆ. ಸ್ಪಷ್ಟವೂ ಜೋರೂ ಆದ ದನಿಗೆ ಐದು-ಒಂಬತ್ತು. ಏನೂ ತಿಳಿಯದಿದ್ದರೆ ಒಂದು-ಒಂದು. ಆದರೆ ಮಾತಾಡಿಸಲು ಬಂದವರಿಗೆ "ನಿಮ್ಮ ದನಿ ಚೆನ್ನಾಗಿಲ್ಲ" ಎನ್ನುವುದು ನಮ್ಮ ಗುಡ್ಡದಲ್ಲಿ ಕಾಫಿ ಕೊಡದೆ ಕಳಿಸಿದಂತೆ. ಆದಕಾರಣ ಎಲ್ಲರಿಗೂ ಐದು-ಒಂಬತ್ತನ್ನೇ ನೀಡತಕ್ಕದ್ದೆಂದೂ, ಯಾರ ದನಿ ಏನೇನೂ ಕೇಳಿಸದೋ ಅವರಿಗೆ "ನೀವು ಬಂದು ಮನೆ ಬೆಳಗಿತು" ಎಂದು ಸೇರಿಸತಕ್ಕದ್ದೆಂದೂ ಹಿಂದಿನ ಸುತ್ತೋಲೆಯಲ್ಲಿ ಆದೇಶಿಸಲಾಗಿತ್ತು.

೬. ಸದರಿ ಆದೇಶವನ್ನು ಹಿಂಪಡೆಯಲಾಗಿದೆ. ಕಾರಣವೇನೆಂದರೆ, ಮಂಡಳಿಯ ಪಕ್ಕದ ಛಾವಣಿಯ ರಹಫ್ ಅವರು ಹೊಸ ಪರವಾನಗಿದಾರರು. ಅವರ ಅಣ್ಣ ಕಿನಾನ್ ಮರುಭೂಮಿಯ ಹವಾಮಾನ ಠಾಣೆಯಲ್ಲಿದ್ದು, ಅಲ್ಲಿಗೆ ಫೋನ್ ಸಿಗುವುದಿಲ್ಲ. ಪ್ರತಿ ಶುಕ್ರವಾರ ಸಂಜೆ ರೇಡಿಯೋದಲ್ಲಿ ಮಾತಾಡುವುದೆಂದು ಅಣ್ಣತಂಗಿಯರ ಒಪ್ಪಂದ. ಪರೀಕ್ಷೆಗೆಂದು ರಹಫ್ ಮೊದಲು ಮಂಡಳಿಯನ್ನು ಕರೆದಾಗ ಮುಖ್ಯ ತರಬೇತುದಾರರು, "ಐದು-ಒಂಬತ್ತು ಮಗಳೇ! ಪಕ್ಕದಲ್ಲೇ ನಿಂತು ಮಾತಾಡಿದ ಹಾಗಿದೆ!" ಎಂದು ಪ್ರಮಾಣೀಕರಿಸಿದರು. ಆದರೆ ಅಣ್ಣನ ಉತ್ತರ ಬರಲಿಲ್ಲ. ಶುಕ್ರವಾರಗಳು ಉರುಳಿದವು. ಅಂಗಳದ ಅಂಜೂರದ ಮರವನ್ನು ತಾನು ಕಡಿಸಿದ್ದಕ್ಕೆ ಅಣ್ಣನಿಗೆ ಇನ್ನೂ ಸಿಟ್ಟು, ಬೇಕೆಂದೇ ಸುಮ್ಮನಿದ್ದಾನೆ ಎಂದು ತಿಳಿದ ರಹಫ್, "ಅವನಿಗಿಂತ ಬೀದಿ ಬೆಕ್ಕು ವಾಸಿ, ಕರೆದ್ರೆ ತಿರುಗಾದ್ರೂ ನೋಡುತ್ತೆ" ಎಂದು, ಹಬ್ಬಕ್ಕೆ ಅವನಿಗೆಂದೇ ಮಾಡಿದ್ದ ಖರ್ಜೂರದ ಬಿಸ್ಕತ್ತನ್ನು ಇಡೀ ಬೀದಿಗೆ ಹಂಚಿದರು. (ಮಂಡಳಿಗೂ ಒಂದು ಡಬ್ಬಿ ಸ್ವೀಕೃತವಾಗಿದೆ.)

೭. ಮೊನ್ನೆ ಒಣಗಿದ ಬಟ್ಟೆ ತೆಗೆಯಲು ಬಂದ ರಹಫ್ ಅವರಿಗೆ, ತಮ್ಮ ಯಂತ್ರದಿಂದ ಹೊರಟ ತಂತಿ ಏರಿಯಲ್ಲನ್ನು ಮುಟ್ಟದೆ, ಮೊದಲ ದಿನದಿಂದಲೂ ನೀರಿನ ತೊಟ್ಟಿಯ ಹಿಂದೆ ಬಿದ್ದಿರುವುದು ಕಂಡುಬಂತು. ದೂರಿನ ಪೂರ್ಣ ಪಾಠ: "ಚಿಕ್ಕಪ್ಪಾ! ತಂತಿನೇ ಸಿಕ್ಸಿಲ್ಲ ನಾನು! ಮತ್ತೆ ನಿಮಗೆ ನನ್ನ ದನಿ ಎಲ್ಲಿಂದ ಕೇಳಿಸ್ತು?"

ಚಂದ್ರನ ಕಡೆಯಿಂದ ಎಂದು ಉತ್ತರಿಸಲಾಯಿತು.

"ಚಂದ್ರನೂ ಇಲ್ಲ, ಗಿಂದ್ರನೂ ಇಲ್ಲ. ಅಣ್ಣನ್ನ ಸುಮ್ಸುಮ್ನೆ ಬೈದೆನಲ್ಲ ನಾನು! ನಿಜ ಹೇಳಿ" ಎಂದು ಮೇಲ್ಮನವಿ ಸಲ್ಲಿಕೆಯಾಯಿತು. ತಂತಿಯ ತುದಿಯನ್ನು ಗೋಡೆಯ ಮೇಲಿಂದ ಚಾಚಿ ಹಿಡಿದಿದ್ದುದನ್ನು ಮಂಡಳಿ ಗಮನಿಸಿದೆ.

೮. ಆದ್ದರಿಂದ ಕೆಳಕಂಡಂತೆ ಒಪ್ಪಿಕೊಳ್ಳಲಾಗಿದೆ. ದನಿ ಕೇಳಿಸಿದ್ದು ಗೋಡೆಯ ಮೇಲಿಂದ. ಉತ್ತರ ಕೊಟ್ಟದ್ದೂ ಬರಿ ಬಾಯಿಂದ. ಆಗ ಮಂಡಳಿಯ ಯಂತ್ರದ ಪ್ಲಗ್ ಕಿತ್ತು ಚಹಾ ಕೆಟಲ್ ಸಿಕ್ಕಿಸಲಾಗಿತ್ತು. ಸಿಕ್ಕಿಸಿದವನು ನಾನೇ. ಕೆಮ್ಮು ಏಳು ಸುತ್ತು ಹಾಕಿಲ್ಲ. ಕೆಳಗಿನ ಮಹಡಿಯಲ್ಲಿದ್ದ ನನ್ನ ಹೆಂಡತಿಯವರೆಗೆ ಹೋಗಿತ್ತು. ಔಷಧಿ ತಗೊಂಡ್ರಾ ಎಂದವಳು ಅವಳು.

(ಸಹಿ)
ಅಬು ದಿರಾರ್
ಅಧ್ಯಕ್ಷರು, ಮುಖ್ಯ ತರಬೇತುದಾರರು ಮತ್ತು ಉಳಿದೆಲ್ಲ ಸಿಬ್ಬಂದಿ

ಪ್ರತಿಗಳು:
ಕಲಂ ೨ರ ಅತ್ತೆಯವರಿಗೆ, ಹೊಸ ತಟ್ಟೆ ಸಹಿತ.
ಚಂದ್ರನಿಗೆ, ಮಾಹಿತಿಗಾಗಿ.
ಕಿನಾನ್ ಅವರಿಗೆ: ತಂತಿ ಸಿಕ್ಕಿಸಿದ ಬಳಿಕ ಶುಕ್ರವಾರ ಈ ಸುತ್ತೋಲೆಯನ್ನು ತಂಗಿಯೇ ರೇಡಿಯೋದಲ್ಲಿ ಓದಿ ಹೇಳಿದ್ದಾರೆ. ಬಂದ ಸ್ವೀಕೃತಿ: "ಎರಡು-ಮೂರು. ಅರ್ಧ ಬರೀ ಗೊರಗೊರ. ನಿಲ್ಲಿಸ್ಬೇಡ ಪುಟ್ಟಿ, ಓದ್ತಾ ಇರು. ಒಂದು ಶುಕ್ರವಾರನೂ ಬಿಡದೆ ಇಲ್ಲೇ ಕೂತಿದ್ದೆ. ಬಿಸ್ಕತ್ತು ಇದೆಯಾ?" ಮಂಡಳಿಗೆ ಬಂದಿದ್ದ ಬಿಸ್ಕತ್ತಿನ ಡಬ್ಬಿ ಖಾಲಿಯಾಗಿದೆಯೆಂದು ದಾಖಲಿಸಲಾಗಿದೆ.