ಒಂದು ಬಾಗಿಲು, ಐದು ಕೀಲಿ

ಸಂಖ್ಯೆ: ಸಾ.ಕಾ.ಭ/ಹರಪನಹಳ್ಳಿ/ಬಾಗಿಲು/ಇತರೆ/2006-07

ಸುತ್ತೋಲೆ

ವಿಷಯ: ಸಾಮೂಹಿಕ ಕಾರ್ಯಾಲಯ ಭವನದ ಬಾಗಿಲಿಗೆ ಸೂಕ್ತ ಬೀಗ ಹಾಗೂ ಪ್ರವೇಶ ವ್ಯವಸ್ಥೆಯನ್ನು ಆಯ್ಕೆ ಮಾಡಿದ ಬಗ್ಗೆ, ತತ್ಪರಿಣಾಮವಾಗಿ ಬಾಗಿಲೇ ಇಲ್ಲವಾದ ಬಗ್ಗೆ, ಮತ್ತು ಮುಂದೆ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ.

ಉಲ್ಲೇಖ: 1) ಮೇಲ್ಕಚೇರಿಯ ‘ಕೀಲಿ’ ಆದೇಶ. 2) ಮೇಲ್ಕಚೇರಿಯ ‘ನಾವು ಹೇಳಿದ್ದು ಆ ಕೀಲಿಯಲ್ಲ’ ಎಂಬ ಜ್ಞಾಪನ. 3) ಶ್ರೀಮತಿ ಪಂಪಮ್ಮನವರ ಮೌಖಿಕ ಹೇಳಿಕೆ.

ಪ್ರಸ್ತಾವನೆ:

ಹರಪನಹಳ್ಳಿಯ ಹಳೇ ಮೆಕ್ಕೆಜೋಳದ ಗೋದಾಮನ್ನು ಸುಣ್ಣ ಬಳಿದು, ಸ್ವಂತ ಕಚೇರಿ ಇಲ್ಲದ ಸ್ವಯಂ ಉದ್ಯೋಗಿಗಳಿಗೆ ತಲಾ ಒಂದು ಮೇಜಿನಂತೆ ಬಾಡಿಗೆಗೆ ಕೊಟ್ಟಿರುವುದು ಸರಿಯಷ್ಟೆ. ಕಂಪ್ಯೂಟರ್ ಟೈಪಿಂಗಿನ ಕು. ಸುಕನ್ಯಾ, ಕಂಬಳಿ ಸೊಸೈಟಿಯ ಶ್ರೀ ಚೌಡಣ್ಣ, ಅರ್ಜಿ ಬರೆದುಕೊಡುವ ಶ್ರೀ ಗಾದೆಪ್ಪ, ವಿಮಾ ಏಜೆಂಟ್ ಶ್ರೀ ಪ್ರವೀಣಕುಮಾರ್ ಇವರು ಸದರಿ ಭವನದ ಮೇಜುದಾರರು. ಭವನಕ್ಕೆ ಇರುವುದು ಒಂದೇ ಬಾಗಿಲು. ಬಾಗಿಲಿಗೆ ಒಂದೇ ಬೀಗ. ಬೀಗಕ್ಕೆ ಒಂದೇ ಕೀಲಿಕೈ. ಅದು ವ್ಯವಸ್ಥಾಪಕರಾದ ಶ್ರೀ ಬೆನಕಪ್ಪನವರ ಉಡಿದಾರದಲ್ಲಿ.

ಶ್ರೀ ಬೆನಕಪ್ಪನವರು ಪೂಜೆ, ನಾಷ್ಟಾ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪತ್ರಿಕೆ ಎಲ್ಲವನ್ನೂ ಮುಗಿಸಿ ಬರುವ ಹೊತ್ತಿಗೆ ಮೇಜುದಾರರು ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಅವರನ್ನು ಕಂಡರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಅದು ಗೌರವದಿಂದಲೋ ಕಾಲು ಜೋಮು ಹಿಡಿದಿದ್ದರಿಂದಲೋ ಎಂಬುದನ್ನು ಅವರು ವಿಚಾರಿಸಲು ಹೋಗಿರುವುದಿಲ್ಲ. ಮನೆಯಲ್ಲಿ ತಮಗೆ ಯಾರೂ ಎದ್ದು ನಿಲ್ಲುವುದಿಲ್ಲವಾದ್ದರಿಂದ ಸದರಿ ದೃಶ್ಯವು ಅವರಿಗೆ ಹಿತವಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

ಮೆಟ್ಟಿಲ ಮೇಲೆ ಕುಳಿತು ಸಾಕಾದ ಮೇಜುದಾರರು ಮೇಲ್ಕಚೇರಿಗೆ ಮನವಿ ಕೊಟ್ಟರು. ಮೈಸೂರು ಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಮೇಲಧಿಕಾರಿಗಳು ಮನವಿಯನ್ನು ಪುರಸ್ಕರಿಸಿ, ‘ಪ್ರತಿಯೊಬ್ಬರಿಗೂ ಒಂದೊಂದು ಕೀಲಿಯನ್ನು ಕೂಡಲೇ ಒದಗಿಸತಕ್ಕದ್ದು’ ಎಂದು ಆದೇಶಿಸಿದರು. ಅವರ ಸೀಮೆಯಲ್ಲಿ ಕೀಲಿ ಎಂದರೆ ತೆರೆಯುವ ಸಾಧನ. ಈ ಭಾಗದಲ್ಲಿ ಕೀಲಿ ಎಂದರೆ ಜಡಿಯುವ ಸಾಧನ. ಆದೇಶವನ್ನು ಎಂದೂ ಮೀರದ ಶ್ರೀ ಬೆನಕಪ್ಪನವರು ಅದೇ ದಿನ ಸಂಜೆಯೊಳಗಾಗಿ ಬಾಗಿಲಿಗೆ ಇನ್ನೂ ನಾಲ್ಕು ಕೊಂಡಿ ಬಡಿಸಿ, ನಾಲ್ಕು ಹೊಸ ಬೀಗಗಳನ್ನು ಹಾಕಿಸಿ, ಒಬ್ಬೊಬ್ಬರಿಗೆ ಒಂದೊಂದು ಬೀಗದ ಹೊಣೆ ವಹಿಸಿದರು. ಇದರಿಂದಾಗಿ ಐದೂ ಜನ ಕೂಡಿ ಬಂದ ಹೊರತು ಬಾಗಿಲು ತೆರೆಯದಂತಹ ಅಭೂತಪೂರ್ವ ಭದ್ರತೆ ಏರ್ಪಟ್ಟಿತು.

ಭದ್ರತೆಯು ನಿರೀಕ್ಷೆ ಮೀರಿ ಯಶಸ್ವಿಯಾಯಿತು. ಪ್ರವೀಣಕುಮಾರ್ ಅವರು ಪಾಲಿಸಿ ಮಾಡಿಸಲು ಹಗರಿಬೊಮ್ಮನಹಳ್ಳಿಗೆ ಹೋದ ದಿನ ಬಾಗಿಲು ತೆರೆಯಲಿಲ್ಲ. ಅವರು ಬಂದ ದಿನ ಗಾದೆಪ್ಪನವರು ಬೀಗರ ಮನೆಯ ಮದುವೆಗೆಂದು ಕೂಡ್ಲಿಗಿಗೆ ಹೋಗಿದ್ದರು. ಗಾದೆಪ್ಪನವರು ಮರಳುವಷ್ಟರಲ್ಲಿ ಚೌಡಣ್ಣನವರು ಉಣ್ಣೆ ತರಲು ಉಚ್ಚಂಗಿದುರ್ಗದ ಕಡೆ ಹೊರಟಿದ್ದರು, ಕೀಲಿಕೈ ಅವರ ಕಂಬಳಿಯ ಗಂಟಿನಲ್ಲಿತ್ತು. ಪ್ರತಿದಿನವೂ ಬಂದವರು ಸುಕನ್ಯಾ ಒಬ್ಬರೇ. ಅವರಲ್ಲಿ ಅರ್ಜಿ ಟೈಪು ಮಾಡಿಸಲು ಬಂದ ಹೆಣ್ಣುಮಕ್ಕಳು ಫೋಟೋ, ಅಂಕಪಟ್ಟಿ ಹಿಡಿದು ನಿಂತಿದ್ದರು. ಅಂಗನವಾಡಿ ಕೆಲಸದ ಅರ್ಜಿಗೆ ಕೊನೇ ದಿನಾಂಕ ಹತ್ತಿರವಾಗಿತ್ತು.

ಆಗ ಸುಕನ್ಯಾ ಅವರು ಆಡಿದ ಮಾತನ್ನು ಇದ್ದಂತೆಯೇ ಕೊಡಲಾಗಿದೆ: “ಕಾಕಾರ, ಈ ತಿಂಗ್ಳಿಗೆ ನನ್ನ ಮೇಜು ತಗದುಬಿಡ್ತೀನ್ರಿ. ಕೊಟ್ಟೂರಾಗ ನಮ್ಮ ಚಿಗವ್ವನ ಮನಿ ಪಡಸಾಲಿ ಖಾಲಿ ಐತಿ. ಅದಕ್ಕ ಕೀಲಿನ ಇಲ್ಲ. ಬರೇ ಪರದಿ ಐತಿ.”

ಶ್ರೀ ಬೆನಕಪ್ಪನವರು ಇದಕ್ಕೆ, “ಹಂಗನಬ್ಯಾಡವ್ವ. ಆದೇಶದಾಗ ಏನೈತಿ ಅದನ್ನ ಮಾಡೀನಿ ನಾನು,” ಎಂದು ಉತ್ತರಿಸಿರುತ್ತಾರೆ. ಆದರೆ ಆ ರಾತ್ರಿ ಅವರು ಕುಳಿತು ಲೆಕ್ಕ ಹಾಕಿದರು. ಸುಕನ್ಯಾ ಹೋದರೆ ಉಳಿದವರೂ ಹೋಗುತ್ತಾರೆ. ಮೇಜು ಖಾಲಿಯಾದರೆ ಭವನ ಮುಚ್ಚುತ್ತದೆ. ಭವನವೇ ಮುಚ್ಚಿದರೆ ಬೀಗ ಹಾಕಿಕೊಂಡು ಹೋಗಲು ಒಮ್ಮೆ ಮಾತ್ರ ವ್ಯವಸ್ಥಾಪಕರು ಬೇಕಾಗುತ್ತಾರೆ.

ಅಷ್ಟರಲ್ಲಿ ಉಲ್ಲೇಖ (2)ರ ಜ್ಞಾಪನ ಬಂದು, ಶಬ್ದಾರ್ಥದ ಗೊಂದಲವನ್ನು ಶಾಶ್ವತವಾಗಿ ನಿವಾರಿಸಲು ಬೀಗವೂ ಬೇಡ, ಕೀಲಿಕೈಯೂ ಬೇಡ, ಹೆಬ್ಬೆಟ್ಟಿನ ಯಂತ್ರ ಅಳವಡಿಸಿರಿ ಎಂದು ಸೂಚಿಸಲಾಯಿತು. ಯಂತ್ರವನ್ನು ಜೋಡಿಸಲು ಬಂದ ಕಂಪನಿಯ ಹುಡುಗ, “ಕರೆಂಟ್ ಹೋದ್ರೆ ಬಾಗಿಲು ಇನ್ನೂ ಬಿಗಿಯಾಗುತ್ತೆ ಸಾರ್, ಅದೇ ಇದರ ಸ್ಪೆಷಲ್,” ಎಂದು ಹೇಳಿ ಸಂಜೆ ಬಸ್ಸಿಗೆ ಹೋದನು. ಗಾದೆಪ್ಪನವರ ಹೆಬ್ಬೆಟ್ಟಿನಲ್ಲಿ ಠಸ್ಸೆಯ ಮಸಿ ತುಂಬಿದ್ದು, ಯಂತ್ರ ಅದನ್ನು ಹೆಬ್ಬೆಟ್ಟೆಂದು ಒಪ್ಪಲಿಲ್ಲ. ಚೌಡಣ್ಣನವರದು ಉಣ್ಣೆ ತಿಕ್ಕಿ ತಿಕ್ಕಿ ಗೆರೆಯೇ ಉಳಿಯದೆ ನುಣುಪಾಗಿತ್ತು. ಉಳಿದಿಬ್ಬರದನ್ನು ಯಂತ್ರ ತನಗೆ ಮನಸ್ಸು ಬಂದಾಗ ಗುರುತಿಸುತ್ತಿತ್ತು. ಶ್ರೀ ಬೆನಕಪ್ಪನವರದನ್ನು ಮಾತ್ರ ಇಟ್ಟ ಕೂಡಲೇ ಗುರುತಿಸಿ ‘ಟುಂಯ್’ ಎನ್ನುತ್ತಿತ್ತು. ಆ ಸದ್ದಿಗೆ ಅವರ ಎದೆ ಉಬ್ಬಿದ್ದನ್ನು ಮೇಜುದಾರರು ನೋಡಿರುತ್ತಾರೆ. ಮರುದಿನದಿಂದ ಮೆಟ್ಟಿಲ ಮೇಲೆ ಮತ್ತೆ ಎಲ್ಲರೂ ಕುಳಿತರು.

ಅರ್ಜಿಯ ಕೊನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಹೋದಾಗ ಶ್ರೀ ಬೆನಕಪ್ಪನವರು, ಹೊರಗೂ ಒಳಗೂ ಮುಖವಿದ್ದ ಯಂತ್ರದ ಒಳಬದಿಯ ಧೂಳು ಒರೆಸಲು ಒಳಗೆ ಉಳಿದರು. ಬಾಗಿಲು ತಾನಾಗಿ ಮುಚ್ಚಿತು. ಕರೆಂಟ್ ಹೋಯಿತು. ಯಂತ್ರವು ತನ್ನ ಸ್ಪೆಷಲ್ ಗುಣವನ್ನು ಪ್ರದರ್ಶಿಸಿತು.

ಕಿಟಕಿಯ ಸರಳಿನ ಮೂಲಕ ನಡೆದ ಸಂಭಾಷಣೆ ಈ ಕೆಳಗಿನಂತಿದೆ.

ಚೌಡಣ್ಣ: “ಸಾಹೇಬ್ರ, ಒಳಗ ಅದೀರೇನ್ರಿ?”

ಬೆನಕಪ್ಪ: “ಅದೀನಿ. ಎಲ್ಲಿಗಿ ಹೋಗ್ಲಿ?”

ಸುಕನ್ಯಾ: “ಹೆಬ್ಬಟ್ಟು ಇಡ್ರಿ ಕಾಕಾರ. ಹುಡ್ಗೇರು ಕಾಯಾಕತ್ಯಾರ, ಇವತ್ತ ಕಡೀ ದಿನ.”

ಬೆನಕಪ್ಪ: “ಎರಡೂ ಕೈದು ಇಟ್ಟೀನವ್ವ. ಕಾಲಿಂದೂ ಇಟ್ಟೀನಿ.”

ಚೌಡಣ್ಣ: “ಬಾಗ್ಲ ಎತ್ತಿಬಿಡ್ಲೇನ್ರಿ? ಕಬ್ಬಣದ ಹಾರಿ ಐತಿ ನನ್ನ ಕಡೆ.”

ಬೆನಕಪ್ಪ: “ಏ, ಮುಟ್ಟಬ್ಯಾಡ! ಅದು ಇಲಾಖೆ ಬಾಗ್ಲ. ಮೇಲಿಂದ ಪರ್ಮಿಷನ್ ಬರ್ಲಿ.”

ಮೇಲ್ಕಚೇರಿಗೆ ಫೋನು ಮಾಡಲಾಗಿ, ಮೇಲಧಿಕಾರಿಗಳು ಸಭೆಯಲ್ಲಿರುವುದಾಗಿ ತಿಳಿದುಬಂತು. ಸುದ್ದಿ ಕೇಳಿ ಬಂದ, ಶ್ರೀ ಬೆನಕಪ್ಪನವರ ಧರ್ಮಪತ್ನಿ ಶ್ರೀಮತಿ ಪಂಪಮ್ಮನವರು, ಯಜಮಾನರ ಬುತ್ತಿಯ ರೊಟ್ಟಿಗಳನ್ನು ಅವುಗಳ ಚಪ್ಪಟೆ ಸ್ವರೂಪದ ಅನುಕೂಲದಿಂದಾಗಿ ಸರಳಿನ ಸಂದಿಯಲ್ಲಿ ಒಂದೊಂದಾಗಿ ಒಳಗೆ ಹಾಕಿದರು. ಪಲ್ಯಕ್ಕೆ ಸದರಿ ಅನುಕೂಲ ಇರಲಿಲ್ಲ. ತರುವಾಯ ಅವರು, “ರೀ, ಇಷ್ಟು ದಿನ ಅವರನ್ನ ಹೊರಗ ಕುಂದ್ರಿಸಿದ್ರಿ. ಈಗ ನೀವು ಒಳಗ ಕುಂದ್ರಿ. ಲೆಕ್ಕ ಸರಿ ಹೋತು,” ಎಂದರು. ಇದೇ ಉಲ್ಲೇಖ (3).

ಶ್ರೀ ಬೆನಕಪ್ಪನವರು ಒಣರೊಟ್ಟಿ ಮುರಿಯುತ್ತ ಕಿಟಕಿಯಿಂದ ಹೊರಗೆ ನೋಡಿದರು. ಮೆಟ್ಟಿಲಿಗೆ ಬೀಳುವ ಬಿಸಿಲು ಎಷ್ಟು ಖಾರವಾಗಿರುತ್ತದೆ ಎಂಬುದು ಅವರ ಗಮನಕ್ಕೆ ಮೊದಲ ಸಲ ಬಂತು. ಒಬ್ಬ ಹುಡುಗಿ ಅಂಕಪಟ್ಟಿಯನ್ನೇ ತಲೆಗೆ ಹಿಡಿದು ಕುಳಿತಿದ್ದಳು. ಅವರನ್ನು ಕಂಡು ಎದ್ದು ನಿಂತಳು. ಈ ಸಲ ಅದು ಅವರಿಗೆ ಹಿತವಾಗಲಿಲ್ಲ. ರೊಟ್ಟಿಯನ್ನು ಯಂತ್ರದ ಮೇಲಿಟ್ಟು ಅವರು ಕೂಗಿದರು: “ಚೌಡಣ್ಣ, ತಗಿಯಪ್ಪ ಬಾಗ್ಲ. ಪರ್ಮಿಷನ್ ನಾನ ಕೊಟ್ಟೀನಿ.”

ಚೌಡಣ್ಣನವರು ಹಾರೆ ಕೊಟ್ಟು ಎತ್ತಿದರು. ಹಳೇ ಬಾಗಿಲು ಕೀಲು ಸಮೇತ ಕಿತ್ತುಬಂದು, ಮೆಟ್ಟಿಲ ಮೇಲೆ ಬಿದ್ದು ಎರಡು ಹೋಳಾಯಿತು. ಕರೆಂಟು ಅದೇ ಕ್ಷಣಕ್ಕೆ ಬಂತು. ಗೋಡೆಯಲ್ಲಿ ಒಂಟಿಯಾಗಿ ಉಳಿದ ಯಂತ್ರ ‘ಟುಂಯ್’ ಎಂದಿತು. ಸುಕನ್ಯಾ ಕಂಪ್ಯೂಟರಿಗೆ ಓಡಿದರು. ಅಂಚೆ ಕಚೇರಿ ಮುಚ್ಚುವುದರೊಳಗೆ ಎಲ್ಲ ಅರ್ಜಿಗಳೂ ರಿಜಿಸ್ಟರ್ ಆದವು.

ಶ್ರೀ ಬೆನಕಪ್ಪನವರು ತಮ್ಮ ಮೇಲೆಯೇ ತಾವೇ ವರದಿ ಬರೆದು ಕಳುಹಿಸಿ, ಅಮಾನತಿನ ಆದೇಶಕ್ಕಾಗಿ ಕಾದರು. ಬಂದ ಉತ್ತರ ಇಷ್ಟೇ: ‘ಹೊಸ ಬಾಗಿಲು ಬರುವವರೆಗೆ ಬಾಗಿಲಿನ ಕರ್ತವ್ಯವನ್ನು ವ್ಯವಸ್ಥಾಪಕರೇ ನಿರ್ವಹಿಸತಕ್ಕದ್ದು.’ ಆದೇಶದಲ್ಲಿ ಏನಿದೆಯೋ ಅದನ್ನೇ ಮಾಡುವವರಾದ ಅವರು, ಮರುದಿನ ಬೆಳಗ್ಗೆ ಪತ್ರಿಕೆಯನ್ನೂ ಓದದೆ ಬಂದು ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಬಾಗಿಲಾದರು. ಆ ಪ್ರಕಾರ ಎಲ್ಲರ ಗಮನಕ್ಕೆ ಈ ಕೆಳಕಂಡಂತೆ ತಿಳಿಸಲಾಗಿದೆ.

1. ಭವನದ ಬಾಗಿಲು ಶ್ರೀ ಬೆನಕಪ್ಪನವರೇ ಆಗಿರುತ್ತಾರೆ. ಅವರು ಎದ್ದು ನಿಂತರೆ ಬಾಗಿಲು ತೆರೆದಿದೆ ಎಂದೂ, ಕುಳಿತರೆ ಮುಚ್ಚಿದೆ ಎಂದೂ ಭಾವಿಸತಕ್ಕದ್ದು. ಮಂಡಿನೋವಿನ ದಿನಗಳಲ್ಲಿ ಕುಳಿತಿದ್ದರೂ ತೆರೆದಿದೆ ಎಂದೇ ಭಾವಿಸತಕ್ಕದ್ದು.

2. ಬಾಗಿಲನ್ನು ಬಡಿಯತಕ್ಕದ್ದಲ್ಲ, ದೂಡತಕ್ಕದ್ದಲ್ಲ, ಒದೆಯತಕ್ಕದ್ದಲ್ಲ. ‘ಬಂದ್ವಿರಿ’ ಎಂದರೆ ಸಾಕು. ಬಾಗಿಲು ‘ಬರ್ರಿ’ ಎನ್ನುತ್ತದೆ.

3. ಬಾಗಿಲ ಮೇಲೆ ಭಿತ್ತಿಪತ್ರ, ಬೇವಿನ ತೋರಣ, ‘ಲಾಭ-ಶುಭ’ ಇತ್ಯಾದಿಗಳನ್ನು ಅಂಟಿಸಬಾರದು. ಅಮಾವಾಸ್ಯೆಯಂದು ಲಿಂಬೆಹಣ್ಣು ಕಟ್ಟಲು ಬಾಗಿಲಿನ ಪೂರ್ವಾನುಮತಿ ಅಗತ್ಯ.

4. ಬಾಗಿಲು ಕಿರುಗುಟ್ಟಿದಲ್ಲಿ ಎಣ್ಣೆ ಹಾಕತಕ್ಕದ್ದಲ್ಲ. ಚಹಾ ಕೊಡತಕ್ಕದ್ದು.

5. ಹೆಬ್ಬೆಟ್ಟಿನ ಯಂತ್ರ ಇಲಾಖೆಯ ಸ್ವತ್ತಾದ್ದರಿಂದ, ಒಳಗೆ ಹೋಗುವವರು ಅದಕ್ಕೂ ಹೆಬ್ಬೆಟ್ಟು ತೋರಿಸಿ ಹೋಗತಕ್ಕದ್ದು. ಅದು ಒಪ್ಪದಿದ್ದರೂ ಹೋಗತಕ್ಕದ್ದು.

6. ರಾತ್ರಿ ವೇಳೆ ಬಾಗಿಲು ಮನೆಗೆ ಹೋಗುವುದರಿಂದ, ಚೌಡಣ್ಣನವರ ಕುರಿಹಟ್ಟಿಯ ಜಾಲಿಕಂಟಿಯನ್ನು ಹೊಸ್ತಿಲಿಗೆ ಒಡ್ಡತಕ್ಕದ್ದು. ಇದನ್ನು ದಾಸ್ತಾನಿನಲ್ಲಿ ‘ಬಾಗಿಲು, ಮುಳ್ಳಿನದು’ ಎಂದು ತೋರಿಸಲಾಗಿದೆ. ಮುಳ್ಳು ಚುಚ್ಚಿಸಿಕೊಂಡವರು ಕಳ್ಳರೋ ಸಿಬ್ಬಂದಿಯೋ ಎಂಬುದನ್ನು ಬೆಳಗ್ಗೆ ನಿರ್ಧರಿಸಲಾಗುವುದು.

7. ಕು. ಸುಕನ್ಯಾ ಅವರು ಮೇಜು ತೆಗೆಯುವ ವಿಚಾರವನ್ನು ಕೈಬಿಟ್ಟು, ಪಕ್ಕದ ಇನ್ನೊಂದು ಮೇಜನ್ನೂ ಬಾಡಿಗೆಗೆ ಪಡೆದಿರುತ್ತಾರೆ. ಪ್ರತಿದಿನ ಒಳಗೆ ಹೋಗುವಾಗ ಅವರು ‘ಕಾಕಾರ, ನಾಷ್ಟಾ ಆತೇನ್ರಿ?’ ಎಂದು ಬಾಗಿಲನ್ನು ಕೇಳುತ್ತಿದ್ದು, ಇದು ನಿಯಮಬಾಹಿರವಲ್ಲ ಎಂದು ಸ್ಪಷ್ಟಪಡಿಸಲಾಗಿದೆ. ಉಳಿದವರೂ ಕೇಳಬಹುದು.

8. ಶ್ರೀ ಬೆನಕಪ್ಪನವರು ಮೇಲ್ಕಚೇರಿಯ ಅಪ್ಪಣೆ ಇಲ್ಲದೆ ಮೌಖಿಕವಾಗಿ ನೀಡಿದ ಪರ್ಮಿಷನ್ನಿಗೆ ಶ್ರೀ ಬೆನಕಪ್ಪನವರೇ ಘಟನೋತ್ತರ ಮಂಜೂರಾತಿ ನೀಡಿರುತ್ತಾರೆ.

9. ಹೊಸ ಬಾಗಿಲು ದಾವಣಗೆರೆಯಿಂದ ಹೋದ ತಿಂಗಳೇ ಬಂದಿದ್ದು, ಒಳಗೆ ಗೋಡೆಗೆ ಒರಗಿಸಿಡಲಾಗಿದೆ. ತೇಗದ್ದು, ಚೆನ್ನಾಗಿದೆ. ಅದನ್ನು ಕೂರಿಸುವ ಬಗ್ಗೆ ಯಾರೂ ಯಾರಿಗೂ ನೆನಪಿಸತಕ್ಕದ್ದಲ್ಲ ಎಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

ಸಹಿ/-
(ಬೆನಕಪ್ಪ)
ವ್ಯವಸ್ಥಾಪಕರು ಹಾಗೂ ಪ್ರಭಾರ ಬಾಗಿಲು
ಸಾಮೂಹಿಕ ಕಾರ್ಯಾಲಯ ಭವನ, ಹರಪನಹಳ್ಳಿ

ಪ್ರತಿಗಳು:
1. ಮೇಲಧಿಕಾರಿಗಳಿಗೆ, ಮಾಹಿತಿಗಾಗಿ. (ಕಲಂ 9 ಇರುವ ಪುಟವನ್ನು ಹೊರತುಪಡಿಸಿ.)
2. ಎಲ್ಲ ಮೇಜುದಾರರಿಗೆ, ಒಳಗೆ ಬರುವಾಗ ಕೈಗೆ ಕೊಡಲಾಗುವುದು.
3. ಹೆಬ್ಬೆಟ್ಟಿನ ಯಂತ್ರಕ್ಕೆ, ಕರೆಂಟ್ ಇದ್ದಾಗ ಓದಿ ಹೇಳತಕ್ಕದ್ದು.
4. ಶ್ರೀಮತಿ ಪಂಪಮ್ಮನವರಿಗೆ, ಇನ್ನು ಮುಂದೆ ಪಲ್ಯವನ್ನೂ ಕಳುಹಿಸಬಹುದೆಂಬ ವಿನಂತಿಯೊಂದಿಗೆ.
5. ಬಡಗಿ ಜಂಬಣ್ಣನವರಿಗೆ: ಕಳುಹಿಸಿರುವುದಿಲ್ಲ.